ಲೆಕ್ಕಕ್ಕೆ ಸೇರದ ಎಣ್ಣೆ

ಆಳಂದದ ದೇವೀಂದ್ರಪ್ಪ ಮೂವತ್ತು ವರ್ಷ ಅಫಜಲಪುರದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ. ಮರುವರ್ಷವೇ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ತೂಕ ತೊಂಬತ್ತಾರು ಕೆಜಿ. ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಕ್ಕೆ ಒಂದೂವರೆ ಸಾವಿರ ಕ್ಯಾಲೊರಿ ಮೀರಬಾರದು ಎಂದರು. ಅಂದರೆ ಎಷ್ಟು ರೊಟ್ಟಿ ಎಂದು ಹೆಂಡತಿ ಮಾಳಮ್ಮ ಕೇಳಿದಳು. ಅಂಗಡಿಯ ಪೊಟ್ಟಣವಾದರೆ ಮೇಲೆ ಬರೆದಿರುತ್ತದೆ, ಮನೆಯ ಅಡುಗೆಯದನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಕು ಎಂದು ಅವರು ಮುಂದಿನ ಚೀಟಿ ಕರೆದರು.

ಲೆಕ್ಕ ಹಾಕಿದವಳು ಸೊಸೆ ಅನುರಾಧಾ. ಜೇವರ್ಗಿಯ ಹುಡುಗಿ, ಮದುವೆಯಾಗಿ ಬಂದು ವರ್ಷವಾಗಿತ್ತು. ಗಂಡ ದೇವಾನಂದ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿದ್ದ, ರವಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವಳಿಗೆ ಕಡಗಂಚಿಯಲ್ಲಿ ಪ್ರಯೋಗಾಲಯದ ಕೆಲಸ. ಪುಡಿ, ದ್ರಾವಣ ತೂಗಿ ತೂಗಿ ಕೈ ಪಳಗಿತ್ತು. ಅಂಗೈಯಗಲದ ತಕ್ಕಡಿಯೊಂದನ್ನು ತಂದು ಒಲೆಯ ಪಕ್ಕದಲ್ಲಿಟ್ಟಳು. ಮನೆಯ ಖಾಲಿ ಪಾತ್ರೆಗಳನ್ನೆಲ್ಲ ತೂಗಿ, ಅವುಗಳ ತೂಕ ಬರೆದ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬೆಳಿಗ್ಗೆ ಬೇಳೆ, ಬದನೆಕಾಯಿ, ಶೇಂಗಾ ಪುಡಿ, ಎಣ್ಣೆ ಒಂದೊಂದನ್ನೂ ತೂಗಿ ಬಟ್ಟಲಲ್ಲಿ ಇಟ್ಟು, ಒಟ್ಟು ಕ್ಯಾಲೊರಿ ಮೊಬೈಲಿನಲ್ಲಿ ಬರೆದುಕೊಂಡು ಬಸ್ಸಿಗೆ ಹೋಗುವಳು. ಅಡುಗೆಯಾದ ಮೇಲೆ ಮಾಳಮ್ಮ ಪಾತ್ರೆಯನ್ನು ತಕ್ಕಡಿಯ ಮೇಲಿಡಬೇಕು. ದೇವೀಂದ್ರಪ್ಪ ಅದರ ಫೋಟೋ ಹೊಡೆದು ಸೊಸೆಗೆ ಕಳಿಸುವನು. ಅವಳು ಖಾಲಿ ಪಾತ್ರೆಯ ತೂಕ ಕಳೆದು, ಮಾವನ ಪಾಲು ಎಷ್ಟು ಗ್ರಾಂ ಎಂದು ಉತ್ತರ ಬರೆಯುವಳು.

ಆ ಉತ್ತರ ಬರುವ ತನಕ ದೇವೀಂದ್ರಪ್ಪ ತಾಟಿನ ಮುಂದೆ ಮೊಬೈಲು ಹಿಡಿದು ಕೂತಿರುತ್ತಿದ್ದ. ಮಾಳಮ್ಮ ಸೌಟು ಹಿಡಿದು ಪಕ್ಕದಲ್ಲಿ ನಿಂತು ಕಾಯಬೇಕಾಗುತ್ತಿತ್ತು. ಮೂವತ್ಮೂರು ವರ್ಷ ಅವನಿಗೆ ಬಡಿಸಿದ್ದು ಅವಳು. ಯಾವ ಪಾಳಿ ಮುಗಿಸಿ ಬಂದರೆ ಎಷ್ಟು ಹಸಿವು, ಯಾರ ಮೇಲೋ ಸಿಟ್ಟಾಗಿ ಬಂದರೆ ಎಷ್ಟು ಕಡಿಮೆ ಉಣ್ಣುತ್ತಾನೆ ಎಂಬುದು ಅವನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅವನು ಬೇಕು ಎಂದು ಕೇಳಿದ್ದಿಲ್ಲ, ಸಾಕು ಎಂದು ತಡೆದದ್ದೂ ಇಲ್ಲ. ಈಗ ಅವಳು ಸೌಟು ಎತ್ತಿದರೆ ಅವನು ತಾಟಿಗೆ ಕೈ ಅಡ್ಡ ಹಿಡಿದು, "ತಡಿ, ಅನು ಏನಂತಾಳ ನೋಡಮು" ಎನ್ನುತ್ತಿದ್ದ.

ಮೊದಲ ತಿಂಗಳು ಎರಡು ಕೆಜಿ ಇಳಿಯಿತು. ಪಕ್ಕದ ಮನೆಯ ಶಮ್ಸುನ್ನಿಸಾ ಒಳ್ಳೆಯ ಸುದ್ದಿ ಎಂದುಕೊಂಡೇ ಬಂದು ಹೇಳಿದಳು: ಚಹಾದ ಅಂಗಡಿಯಲ್ಲಿ ದೇವೀಂದ್ರಪ್ಪ ನಾಲ್ಕು ಜನರ ಎದುರು, ನಮ್ಮ ಸೊಸೆ ನನ್ನ ಜೀವ ಉಳಿಸಿದಳು ಎಂದು ಹೊಗಳುತ್ತಿದ್ದನಂತೆ. ಮಾಳಮ್ಮ ನಕ್ಕಳು, ಶಮ್ಸುನ್ನಿಸಾಳಿಗೆ ಚಹಾ ಮಾಡಿಕೊಟ್ಟಳು. ಅವಳು ಹೋದ ಮೇಲೆ ಅದೇ ಮಾತನ್ನು ಎಷ್ಟು ಸಲ ನೆನೆಸಿಕೊಂಡಳೋ. ಹಾಗಾದರೆ ಇಷ್ಟು ವರ್ಷ ತಾನು ಬಡಿಸಿದ್ದು ಅವನ ಜೀವ ತೆಗೆಯುವ ಕೂಳೇ? ಸೊಸೆಯ ತೆಳ್ಳಗಿನ ಬೆರಳು, ಎಣ್ಣೆಯನ್ನು ಹನಿಹನಿಯಾಗಿ ಬಟ್ಟಲಿಗೆ ಬಿಡುವಾಗ ಅವಳು ಉಸಿರು ಬಿಗಿಹಿಡಿಯುವ ರೀತಿ, ಎಲ್ಲವೂ ಮಾಳಮ್ಮನ ಕಣ್ಣಿಗೆ ಚುಚ್ಚತೊಡಗಿತು.

ಮರುದಿನ ಬದನೆಕಾಯಿ ಪಲ್ಯ. ಸೊಸೆ ಅಳೆದಿಟ್ಟ ಎಣ್ಣೆ ಬಾಣಲೆಯ ತಳಕ್ಕೂ ಸಾಲಲಿಲ್ಲ. ಮಾಳಮ್ಮ ಡಬ್ಬಿ ತೆರೆದು ಎರಡು ದೊಡ್ಡ ಚಮಚ ಎಣ್ಣೆ ಸುರಿದಳು. ಮೇಲೊಂದು ಹಿಡಿ ಶೇಂಗಾ ಪುಡಿಯನ್ನೂ ಹಾಕಿದಳು. ಪಾತ್ರೆ ತೂಗಿದಾಗ ಐವತ್ತು ಅರವತ್ತು ಗ್ರಾಂ ಹೆಚ್ಚು ಬಂತು, ನೀರು ಜಾಸ್ತಿಯಾಗಿರಬೇಕೆಂದು ಅನುರಾಧಾ ಬಿಟ್ಟುಬಿಟ್ಟಳು. ದೇವೀಂದ್ರಪ್ಪ ಮೊದಲ ತುತ್ತಿಗೇ ತಲೆ ಎತ್ತಿದ. ಬಹಳ ದಿನಗಳ ಮೇಲೆ ಅವನ ಮುಖ ಅರಳಿದ್ದನ್ನು ನೋಡಿ ಮಾಳಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎದುರಿಗೇ ಕೂತಳು.

"ಅನು ಅಳದು ಕೊಟ್ರ ರುಚಿನೂ ಬರ್ತದ ನೋಡು" ಎಂದ ಅವನು.

ಅವಳು ಎದ್ದು ಒಳಗೆ ಹೋದಳು. ಅಂದಿನಿಂದ ದಿನವೂ ಎಣ್ಣೆ ಬಿತ್ತು.

ಎರಡನೆಯ ತಿಂಗಳು ತೂಕ ಇಳಿಯುವ ಬದಲು ಒಂದು ಕೆಜಿ ಏರಿತು. ಅನುರಾಧಾ ರವಿವಾರವಿಡೀ ಮೊಬೈಲು ಹಿಡಿದು ಹಳೆಯ ಲೆಕ್ಕಗಳನ್ನು ತಿರುಗಿಸಿ ನೋಡಿದಳು. ರೊಟ್ಟಿಯ ಹಿಟ್ಟನ್ನು ಮತ್ತೆ ತೂಗಿದಳು, ಮಾವ ಹೊರಗೆ ಏನಾದರೂ ತಿನ್ನುತ್ತಾನೆಯೇ ಎಂದು ಅಂಜುತ್ತ ಕೇಳಿದಳು. ಅವನು ಚಹಾಕ್ಕೂ ಸಕ್ಕರೆ ಬಿಟ್ಟಿದ್ದ. ಕೊನೆಗೆ ಅವಳು ಮೂರು ರೊಟ್ಟಿಯನ್ನು ಎರಡು ಮಾಡಿದಳು, ಹದಿನೈದು ದಿನ ಬಿಟ್ಟು ಒಂದೂವರೆ. ಸೊಸೆಯ ಮುಖ ಸಣ್ಣದಾಗಿದ್ದನ್ನು ಕಂಡು ಮಾಳಮ್ಮನಿಗೆ ಒಳಗೊಳಗೇ ತಂಪೆನಿಸಿತು. ಆದರೆ ಗಂಡ ಊಟ ಮುಗಿದ ಮೇಲೂ ತಾಟಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದ. ಅವಳು ಅತ್ತ ನೋಡದಿರಲು ಪಾತ್ರೆ ತೊಳೆಯುವ ನೆಪ ಹುಡುಕುತ್ತಿದ್ದಳು. ಎಣ್ಣೆ ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ತೂಕ ಇಳಿದು ಸೊಸೆ ಗೆಲ್ಲುತ್ತಾಳಲ್ಲ ಎನಿಸುತ್ತಿತ್ತು.

ಒಂದು ಮಧ್ಯಾಹ್ನ ದೇವೀಂದ್ರಪ್ಪ ಔಷಧಿ ಅಂಗಡಿಯಿಂದ ಬರುತ್ತ ಶಮ್ಸುನ್ನಿಸಾಳ ಕಟ್ಟೆಯ ಮೇಲೆ ಕುಸಿದು ಕೂತ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು. ಅವಳು ಸಕ್ಕರೆ ನೀರು ಕುಡಿಸಿ ಮಾಳಮ್ಮನನ್ನು ಕೂಗಿದಳು. ರೊಟ್ಟಿ ಅರ್ಧಕ್ಕರ್ಧ ಇಳಿದಿದೆ, ಗುಳಿಗೆ ಮೊದಲಿನಷ್ಟೇ ಇದೆ, ಅದಕ್ಕೇ ಹೀಗಾಯಿತು ಎಂದು ಡಾಕ್ಟರು ಹೇಳಿದರು.

ಸಂಜೆ ಅನುರಾಧಾ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಮಾವನ ಹತ್ತಿರ ಹೋಗಿ ನಿಂತಳು. ಅವನು ಮಲಗಿದ್ದ. ಆಮೇಲೆ ಅಡುಗೆಮನೆಗೆ ಬಂದು, ತನ್ನ ಲೆಕ್ಕವೇ ತಪ್ಪು, ಎಲ್ಲಿ ತಪ್ಪಿದೆ ಎಂದು ತನಗೆ ತಿಳಿಯುತ್ತಿಲ್ಲ, ಇನ್ನು ಅತ್ತೆ ತಮಗೆ ತಿಳಿದಂತೆ ಬಡಿಸಲಿ ಎಂದು ಅಳುತ್ತ ತಕ್ಕಡಿಯನ್ನು ಡಬ್ಬಿಗೆ ಹಾಕತೊಡಗಿದಳು. ಮಾಳಮ್ಮ ಬಯಸಿದ್ದು ಅದೇ. ಅರೆಕ್ಷಣ ಅವಳ ಎದೆ ಹಗುರವಾದದ್ದೂ ನಿಜ. ಮರುಕ್ಷಣ ಕಟ್ಟೆಯ ಮೇಲೆ ನಡುಗುತ್ತಿದ್ದ ಆ ಕೈ ಕಣ್ಣಿಗೆ ಬಂತು.

"ನಿನ್ನ ಲೆಕ್ಕ ತಪ್ಪಿಲ್ಲಬೇ" ಎಂದಳು. "ನೀ ಹೋದ ಮ್ಯಾಲ ನಾ ಎಣ್ಣಿ ಹಾಕ್ತಿದ್ದೆ. ದಿನಾ ಹಾಕೇನಿ."

ಅನುರಾಧಾಳ ಅಳು ನಿಂತಿತು. "ಯಾಕ್ರಿ ಅತ್ತಿ?"

"ಅವ್ರು ನಿನ್ನ ಕೇಳಿ ಉಣ್ಣಾಕತ್ತಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ."

ಅನುರಾಧಾ ತಕ್ಕಡಿಯ ಡಬ್ಬಿ ಮುಚ್ಚಿದಳು. "ಅವ್ರ ಜೀವಕ್ಕ ಏನರೆ ಆಗಿದ್ರ, ನಾನೇ ಮಾಡಿದೆ ಅಂತ ಸಾಯೋ ತನಕ ಅಂದ್ಕೋತಿದ್ದೆ. ನೀವು ಅಂದ್ಕೊಳ್ಳಾಕ ಬಿಡ್ತಿದ್ರಿ" ಎಂದು ತನ್ನ ಕೋಣೆಗೆ ಹೋದಳು.

ಎರಡು ದಿನ ಅವಳು ಬೇಳೆ, ಎಣ್ಣೆ ಏನನ್ನೂ ತೂಗದೆ ಬಸ್ಸಿಗೆ ಹೋದಳು. ಆದರೆ ಅವಳು ಮಾವನಿಗೂ ಗಂಡನಿಗೂ ಏನೂ ಹೇಳಲಿಲ್ಲ. ಮೂರನೆಯ ದಿನ ಮಾಳಮ್ಮನೇ ತಕ್ಕಡಿಯನ್ನು ಡಬ್ಬಿಯಿಂದ ತೆಗೆದು, ಲೆಕ್ಕ ಕಲಿಸು ಎಂದು ಕೇಳಿದಳು. ಓದಿದ್ದು ಏಳನೆಯ ತರಗತಿ, ಭಾಗಾಕಾರ ಮರೆತೇಹೋಗಿತ್ತು. ಅನುರಾಧಾ ಮುಖ ಗಂಟಿಕ್ಕಿಕೊಂಡೇ ಹೇಳಿಕೊಟ್ಟಳು. ಅಂದಿನ ತೊಗರಿಬೇಳೆ ಪಾತ್ರೆಸಮೇತ ಎರಡು ಸಾವಿರದ ನೂರಾ ಮೂವತ್ತು ಗ್ರಾಂ, ಖಾಲಿ ಪಾತ್ರೆ ಏಳುನೂರಾ ಎಂಬತ್ತು, ಉಳಿದದ್ದು ಒಂದು ಸಾವಿರದ ಮುನ್ನೂರೈವತ್ತು. ಒಳಗೆ ಬಿದ್ದ ಸಾಮಾನಿನದೆಲ್ಲ ಸೇರಿ ಒಂದು ಸಾವಿರದ ಎಂಬತ್ತು ಕ್ಯಾಲೊರಿ. ಹಾಗಾದರೆ ನೂರು ಗ್ರಾಮಿಗೆ ಎಂಬತ್ತು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಮಾಳಮ್ಮನ ಉತ್ತರ ಸರಿಬಂತು. ಎಣ್ಣೆಯನ್ನು ತಾನೇ ತೂಗಿದಳು. ಒಂದು ಚಮಚ ಎಣ್ಣೆಗೆ ಇಷ್ಟೊಂದು ಕ್ಯಾಲೊರಿಯೇ ಎಂದು ಕೇಳಿದಾಗ ಸೊಸೆ ಹೌದು ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದಳು.

ಡಾಕ್ಟರು ಗುಳಿಗೆ ಬದಲಿಸಿದರು, ರೊಟ್ಟಿ ಮತ್ತೆ ಮೂರಾಯಿತು. ಈಗ ಮಾಳಮ್ಮನೇ ಲೆಕ್ಕ ಹಾಕಿ ಸೊಸೆಗೆ ಫೋನಿನಲ್ಲಿ ಹೇಳುವಳು, ದೇವೀಂದ್ರಪ್ಪನ ಮೊಬೈಲಿಗೆ ಉತ್ತರ ಮಾತ್ರ ಮೊದಲಿನಂತೆ ಸೊಸೆಯಿಂದಲೇ ಬರುತ್ತಿತ್ತು. ಎರಡು ತಿಂಗಳಲ್ಲಿ ತೂಕ ತೊಂಬತ್ತೆರಡಕ್ಕೆ ಬಂತು. ಮನೆಯಲ್ಲಿ ಲೆಕ್ಕ ಯಾರು ನೋಡುತ್ತಾರೆ ಎಂದು ಡಾಕ್ಟರು ಕೇಳಿದಾಗ ದೇವೀಂದ್ರಪ್ಪ ಹೆಮ್ಮೆಯಿಂದ, ನಮ್ಮ ಸೊಸೆ ಎಂದ. ಪಕ್ಕದಲ್ಲಿ ಕೂತಿದ್ದ ಮಾಳಮ್ಮ ಡಾಕ್ಟರ ಕಡೆ ಮುಖ ಮಾಡಿದಳು.

"ಸೊಸಿ ಕಲಿಸಿದ್ಳು. ಈಗ ನಾ ಮಾಡ್ತೇನ್ರಿ" ಎಂದಳು.

ದೇವೀಂದ್ರಪ್ಪ ಅವಳ ಕಡೆ ತಿರುಗಿ ನೋಡಿದ. ಹೊರಗೆ ಬಂದ ಮೇಲೆ, ಯಾವಾಗಿನಿಂದ ಎಂದು ಕೇಳಿದ. ಎರಡು ತಿಂಗಳಾಯಿತು ಎಂದಳು. ನನಗೇಕೆ ಹೇಳಲಿಲ್ಲ ಎಂದ. ನೀವು ಕೇಳಲಿಲ್ಲ ಎಂದಳು. ಅವನು, ಆ ಲೆಕ್ಕದ ಭಾಗಾಕಾರ ತನಗೆ ಈಗಲೂ ಬರುವುದಿಲ್ಲ ಎಂದು ನಕ್ಕ. ಎಣ್ಣೆಯ ಸಂಗತಿಯನ್ನು ಅವಳು ಅವನಿಗೆ ಹೇಳಲಿಲ್ಲ. ಹೇಳಬೇಕು ಎಂದುಕೊಂಡ ದಿನಗಳಲ್ಲೆಲ್ಲ, ಅದನ್ನು ಬಲ್ಲ ಒಬ್ಬಳೇ ಒಬ್ಬಳಾದ ಅನುರಾಧಾಳ ಮುಖ ನೋಡುತ್ತಾಳೆ. ಹೇಳುವುದು ಬಿಡುವುದು ಅತ್ತೆಗೇ ಬಿಟ್ಟದ್ದು ಎಂಬಂತೆ ಅವಳು ಊಟಕ್ಕೆ ತಾಟು ಹಾಕುತ್ತಾಳೆ.