ರಾಗ ಬಿಟ್ಟು ಓದಬೇಕಾದ ಒಂದು ನಿಮಿಷ

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳುವುದು ಎಂದೇ ಗೊತ್ತಾಗುತ್ತಿಲ್ಲ. ಕಾವ್ಯವಾಚನಕ್ಕೆ ಕೂತವರಿಗೆ ಈ ತಾಪತ್ರಯವಿಲ್ಲ. ಗಣಪತಿಯನ್ನು ನೆನೆದು, ಗಂಟಲು ಸರಿಮಾಡಿಕೊಂಡು ಮೊದಲ ಪದ್ಯ ಎತ್ತಿದರೆ ಮಿಕ್ಕದ್ದು ಅದರ ಹಿಂದೆಯೇ ಬರುತ್ತದೆ. ಆದರೆ ಈ ಕಥೆಯಲ್ಲಿ ಒಂದು ಟ್ಯಾಬ್ ಇದೆ. ಟ್ಯಾಬ್ ಇರುವ ಕಥೆಗೆ ಯಾವ ದೇವರನ್ನು ನೆನೆಯಬೇಕು? (ಚಾರ್ಜ್ ಇರಲಿ ಎಂದು ಬೇಡಿಕೊಂಡರೆ ಸಾಕೇನೋ.)

೧

ಮೊದಲ ಡ್ರಾಫ್ಟ್: ‘ಡಿಜಿಟಲ್ ಕ್ರಾಂತಿಯ ಅಲೆ ಕಡಬದ ಹಳ್ಳಿಶಾಲೆಗೂ ಅಪ್ಪಳಿಸಿತು.’

ಡಿಲೀಟ್ ಮಾಡಿದ್ದೇನೆ. ಅಲೆಯೂ ಇಲ್ಲ, ಅಪ್ಪಳಿಸಿದ್ದೂ ಇಲ್ಲ. ಬಂದದ್ದು ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಟ್ಯಾಬ್‌ಗಳು, ಅವುಗಳೊಳಗೆ ಮಕ್ಕಳ ಓದನ್ನು ಕೇಳಿ ತಾನೇ ಅಂಕ ಕೊಡುವ ಒಂದು ಆ್ಯಪ್. ಅದರ ಹೆಸರು ಹೇಳುವುದಿಲ್ಲ. ಮುಂದಿನ ವರ್ಷ ಹೇಗೂ ಬೇರೆಯದು ಬಂದಿರುತ್ತದೆ.

೨

ಹಾಗಾದರೆ ಮನುಷ್ಯರಿಂದಲೇ ಶುರುಮಾಡೋಣ. ಕಮಲಾವತಿ ಟೀಚರ್. ಬೆಳ್ಳಾರೆಯಿಂದ ದಿನಾ ಬಸ್ಸು ಹಿಡಿದು ಕಡಬದ ಕಡೆಯ ಒಂದು ಹೈಸ್ಕೂಲಿಗೆ ಕನ್ನಡ ಪಾಠ ಮಾಡಲು ಬರುವವರು. ಅವರ ಕ್ಲಾಸಿನಲ್ಲಿ ಪದ್ಯವನ್ನು ಓದುವುದಿಲ್ಲ, ರಾಗ ಹಾಕಿ ಹೇಳುತ್ತಾರೆ. ಒಂಬತ್ತನೇ ಕ್ಲಾಸಿನ ಜಿಸ್ಮಿ ಮಾತ್ರ ಗದ್ಯವನ್ನೂ ರಾಗದಲ್ಲೇ ಹೇಳುತ್ತಾಳೆ. ಯಾಕೆಂದರೆ ಮಾತಾಡಿದರೆ ಅವಳು ಉಗ್ಗುತ್ತಾಳೆ, ಹಾಡಿದರೆ ಉಗ್ಗುವುದಿಲ್ಲ.

ಈ ಶಾಲೆಗೆ ಬಂದ ಹೊಸತರಲ್ಲಿ ತನ್ನ ಹೆಸರು ಹೇಳಲು ಎದ್ದವಳು ಮೊದಲ ಅಕ್ಷರದಲ್ಲೇ ಸಿಕ್ಕಿಬಿದ್ದಿದ್ದಳು. ಕ್ಲಾಸು ನಗುತ್ತಿತ್ತು. ಆಗ ಟೀಚರ್ ಷಟ್ಪದಿಯ ಒಂದು ಸಾಲು ಎತ್ತಿಕೊಟ್ಟರು. ಹುಡುಗಿ ಹಿಡಿದುಕೊಂಡಳು, ಪದ್ಯದ ತುದಿ ಮುಟ್ಟುವ ತನಕ ಬಿಡಲಿಲ್ಲ. ಆಮೇಲೆ ಪಾಠದ ಪ್ಯಾರಾ, ಸಮಾಜ ವಿಜ್ಞಾನದ ಉತ್ತರ, ನೀರು ಕುಡಿಯಲು ಹೋಗಲೇ ಎಂಬ ಪ್ರಶ್ನೆ, ಎಲ್ಲವೂ ರಾಗದಲ್ಲಿ. ದ್ಯುತಿಸಂಶ್ಲೇಷಣೆಯನ್ನು ಮೋಹನ ರಾಗದಲ್ಲಿ ಹೇಳಿದ ದಿನ ವಿಜ್ಞಾನದ ಮಾಸ್ತರರು ಮೇಜಿನ ಮೇಲೆ ತಾಳ ಹಾಕಿದರಂತೆ. ಕ್ಲಾಸು ನಗುವುದನ್ನು ಬಿಟ್ಟಿತು.

(ಇಲ್ಲಿಗೇ ನಿಲ್ಲಿಸಿದ್ದರೆ ಚಂದದ ಕಥೆ. ಆ್ಯಪ್ ಬಿಡಲಿಲ್ಲ.)

೩

ಅದರ ಕ್ರಮ ಹೀಗೆ: ಪರದೆಯ ಮೇಲೆ ಒಂದು ಪ್ಯಾರಾ ಬರುತ್ತದೆ. ಒಂದು ನಿಮಿಷ ಗಟ್ಟಿಯಾಗಿ ಓದಬೇಕು. ಚೆನ್ನಾಗಿ ಓದಿದವರಿಗೆ ಹಸಿರು ಚುಕ್ಕಿ, ಅಲ್ಲಲ್ಲಿ ತಪ್ಪಿದವರಿಗೆ ಹಳದಿ, ಉಳಿದವರಿಗೆ ಕೆಂಪು. ಸೋಮವಾರ ಪೋಷಕರ ಸಭೆ. ಎಲ್ಲರ ಚುಕ್ಕಿಗಳೂ ಹೆಸರು ಸಮೇತ ಸ್ಮಾರ್ಟ್‌ಬೋರ್ಡಿನ ಮೇಲೆ ಬರುತ್ತವೆ. ಮಾರನೆಯ ದಿನದಿಂದ ಕೆಂಪಿನವರಿಗೆ ಬೇರೆ ಬೆಂಚು, ಸಣ್ಣ ಕ್ಲಾಸಿನ ಪುಸ್ತಕ.

ಜಿಸ್ಮಿ ಓದಿದಳು, ಅಂದರೆ ಹಾಡಿದಳು. ಒಂದಕ್ಷರ ತಪ್ಪಲಿಲ್ಲ. ಪರದೆ ಹೇಳಿತು: ‘ಸಂಗೀತ ಕೇಳಿಬರುತ್ತಿದೆ. ಹಿನ್ನೆಲೆಯ ಸದ್ದನ್ನು ನಿಲ್ಲಿಸಿ ಮತ್ತೆ ಪ್ರಯತ್ನಿಸಿ.’

ಟೀಚರ್ ಕಿಟಕಿ ಮುಚ್ಚಿದರು. ಮತ್ತೆ ಅದೇ. ಫ್ಯಾನು ಆರಿಸಿದರು. ಮತ್ತೆ ಅದೇ.

“ಟೀಚರ್, ಇನ್ನು ಇವಳನ್ನೇ ಆಫ್ ಮಾಡ್ಬೇಕಷ್ಟೆ,” ಎಂದ ಹಿಂದಿನ ಬೆಂಚಿನ ಅಭಿರಾಮ.

ಕ್ಲಾಸು ನಕ್ಕಿತು. ಎಷ್ಟೋ ಕಾಲದ ಮೇಲೆ.

ಜಿಸ್ಮಿ ಟ್ಯಾಬನ್ನು ಮೇಜಿನ ಮೇಲಿಟ್ಟು, ಟೀಚರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ರಾಗದಲ್ಲೇ ಹೇಳಿದಳು: “ಕೆಂಪು ಬಂದ್ರೆ ನಾನಿನ್ನು ಶಾಲೆಗೆ ಬರುದಿಲ್ಲ ಟೀಚರ್.” ಅಷ್ಟು ಇಂಪಾಗಿ ಹೇಳಿದ್ದಕ್ಕೇ ಇರಬೇಕು, ಕಮಲಾವತಿ ಟೀಚರಿಗೆ ಅದು ನಿಜವೆನ್ನಿಸಿತು.

೪

ಹೆಡ್‌ಮಾಸ್ಟರ್ ಸಾಹುಲ್ ಹಮೀದ್ ಒಳ್ಳೆಯವರು. (ಖಳನೊಬ್ಬ ಸಿಕ್ಕಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.)

“ಸರ್, ಈ ಒಬ್ಬಳಿಗೆ ನಾನೇ ಮಾರ್ಕ್ ಹಾಕ್ತೇನೆ.”

“ಹಾಕ್ಲಿಕ್ಕೆ ಜಾಗ ಎಲ್ಲುಂಟು ಟೀಚರೇ? ಅದರಲ್ಲಿ ನಾವು ಒತ್ತುದು ಮಾತ್ರ, ಬರೆಯುದು ಇಲ್ಲ.”

“ಹಾಗೇ ಬಿಟ್ರೆ?”

“ಬಿಟ್ರೆ ಅದೇ ಕೆಂಪು ಮಾಡಿಕೊಳ್ತದೆ. ನಾನೊಮ್ಮೆ ಓದಿ ನೋಡಿದ್ದೆ. ನನಗೆ ಹಳದಿ ಬಂತು.”

“ನಿಮಗಾ?”

“ಸ್ಟಾಫ್‌ರೂಮಲ್ಲಿ ಹೇಳ್ಬೇಡಿ ಮಾರಾಯ್ರೆ.”

೫

ಓದುಗರೇ, ಗಾಬರಿ ಬೇಡ. ಕಥೆ ಬರೆಯುವವರ ಬಳಿ ಉಪಾಯಗಳಿರುತ್ತವೆ.

ಅಂತ್ಯ ಒಂದು: ಮಕ್ಕಳೆಲ್ಲ ಹೋದ ಮೇಲೆ ಟೀಚರ್ ಬಾಗಿಲು ಹಾಕಿ, ಜಿಸ್ಮಿಯ ಹೆಸರು ಒತ್ತಿ, ತಾವೇ ಓದುತ್ತಾರೆ. ಹಸಿರು. ಬರೆದು ಮುಗಿಸಿಯೂ ಆಗಿತ್ತು. ಕಮಲಾವತಿ ಟೀಚರ್ ತಕರಾರು ತೆಗೆದರು.

“ಹಸಿರು ಬರುದು ಯಾರಿಗೆ? ನನಗೆ. ಅವಳು ಎಲ್ಲರ ಎದುರು ಅದನ್ನು ನೋಡಿಕೊಂಡು ಕೂರ್ಬೇಕು. ಬೇರೆ ಎಂತಾದ್ರೂ ಬರೀರಿ.”

“ಟೀಚರೇ, ಹುಡುಗಿ ಶಾಲೆ ಬಿಡ್ತಾಳೆ.”

“ನನಗೆ ಗೊತ್ತುಂಟು. ನಿಮಗಿಂತ ಮೊದಲೇ ಗೊತ್ತುಂಟು.”

ಡಿಲೀಟ್. (ಅದರ ಭಾಷೆ ಚೆನ್ನಾಗಿತ್ತು, ಹೇಳಿಬಿಡುತ್ತೇನೆ.)

ಅಂತ್ಯ ಎರಡು: ಜಿಸ್ಮಿಯ ಮನೆಯಲ್ಲಿ ಅಜ್ಜ ಪಾಪ್ಪಚ್ಚನ್ ಸಂಜೆಯ ಪ್ರಾರ್ಥನೆ ಹೇಳಿಸುತ್ತಾರೆ. ಮಾತೂ ಅಲ್ಲ, ಹಾಡೂ ಅಲ್ಲ, ಎಲ್ಲರೂ ಒಟ್ಟಾಗಿ ಒಂದೇ ಸ್ವರದಲ್ಲಿ ಹೇಳುತ್ತ ಹೋಗುವುದು. ಅದರಲ್ಲೂ ಅವಳು ಉಗ್ಗುವುದಿಲ್ಲ. ಪ್ಯಾರಾವನ್ನು ಅದೇ ಸ್ವರದಲ್ಲಿ ಓದಿಬಿಟ್ಟರೆ? ಆ್ಯಪ್‌ಗೆ ಸಂಗೀತವೆಂದು ಗೊತ್ತೇ ಆಗಲಿಕ್ಕಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಟೀಚರ್ ಕೂಡ ಒಪ್ಪಿದರು. ಒಪ್ಪದವಳು ಜಿಸ್ಮಿ.

“ಅದು ದೇವರ ಹತ್ರ ಹೇಳುದಲ್ವ ಟೀಚರ್,” ಎಂದಳು. “ಇದಕ್ಕೆ ಹೇಳಿದ್ರೆ ಮತ್ತೆ ಸಂಜೆ ಅಲ್ಲಿ ಎಂತ ಹೇಳುದು?”

ಒಂದು ಸಣ್ಣ ಉಪಾಯಕ್ಕೆ ಇಷ್ಟು ದೊಡ್ಡ ಪ್ರಶ್ನೆ ಬೀಳುತ್ತದೆಂದು ನಾನೆಣಿಸಿರಲಿಲ್ಲ. ಇದೂ ಡಿಲೀಟ್.

ಅಂತ್ಯ ಮೂರು: ಸೋಮವಾರ ಕರೆಂಟು ಹೋಗುತ್ತದೆ. (ನೀವು ನಂಬುತ್ತೀರಿ. ಆದರೆ ಬೋರ್ಡಿಗೆ ಯುಪಿಎಸ್ ಹಾಕಿಸಿದ್ದಾರೆ.)

೬

ಅಂತ್ಯಗಳು ಮುಗಿದವು, ಕಥೆ ಮುಗಿಯಲಿಲ್ಲ.

ಬಸ್ಸಿನಲ್ಲಿ ಕಮಲಾವತಿ ಟೀಚರಿಗೆ ಕೂರಲು ಜಾಗ ಸಿಕ್ಕಿತು, ಸಮಾಧಾನ ಸಿಗಲಿಲ್ಲ. ತಾನು ಆ ಹುಡುಗಿಗೆ ಮಾತು ಕೊಟ್ಟೆನೋ, ಮಾತಾಡದೆ ಇದ್ದುಬಿಡಲು ಒಂದು ದಾರಿ ಕೊಟ್ಟೆನೋ? ನಾಳೆ ಬ್ಯಾಂಕಿನಲ್ಲಿ, ಪುತ್ತೂರಿನ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಅವಳು ರಾಗ ಎತ್ತಿದರೆ ಯಾರು ತಾಳ ಹಾಕುತ್ತಾರೆ? ಯೋಚಿಸುತ್ತ ಹೋದಂತೆ ಇನ್ನೊಂದು ಹೊಳೆದು ಮತ್ತಷ್ಟು ಕಳವಳವಾಯಿತು. ರಾಗದಿಂದ ಹಗುರವಾದದ್ದು ಜಿಸ್ಮಿಗೆ ಮಾತ್ರವಲ್ಲ. ಅವಳ ಮಾತಿಗಾಗಿ ಕಾಯುವ ಕಷ್ಟ ಉಳಿದವರಿಗೂ ತಪ್ಪಿತ್ತು. ಆ ಶಾಲೆಯಲ್ಲಿ ಒಬ್ಬರೂ ಅವಳಿಗಾಗಿ ಕಾದದ್ದಿಲ್ಲ. ತಾನೂ ಕಾದಿಲ್ಲ.

(ಇಲ್ಲಿ ಅವರ ಕಣ್ಣಲ್ಲಿ ನೀರು ಬಂತು ಎಂದು ಬರೆಯಬಹುದಿತ್ತು. ಬರಲಿಲ್ಲ. ಇಳಿಯುವ ಸ್ಟಾಪು ಬಂತು.)

ನಂಬರ್ ಇಲ್ಲದ ಭಾಗ

ಶನಿವಾರ. ಓದಿಸಲು ಅದೇ ಕೊನೆಯ ದಿನ.

“ರಾಗ ಬಿಟ್ಟು ಓದ್ತೀಯಾ?” ಟೀಚರ್ ಕೇಳಿದರು. “ಕೆಂಪು ಬರುದಿಲ್ಲ ಅಂತ ನಾನು ಹೇಳುದಿಲ್ಲ. ಬರ್ತದೆ ಅಂತಲೇ ಇಟ್ಟುಕೊ.”

“ನಗಾಡ್ತಾರೆ.”

“ನಗಾಡುವವರು ನಗಾಡ್ಲಿ. ನಾನು ಕೇಳ್ತೇನೆ.”

“ಎಷ್ಟು ಹೊತ್ತು?”

“ಮುಗಿಯುವಷ್ಟು ಹೊತ್ತು ಮಾರಾಯ್ತಿ.”

ಜಿಸ್ಮಿ ಟ್ಯಾಬ್ ಎತ್ತಿಕೊಂಡಳು. ಮೊದಲ ವಾಕ್ಯ: ‘ಕಾಡಿನ ನಡುವೆ ಒಂದು ಕೆರೆ ಇತ್ತು.’ ‘ಕಾ’ ಎಂದಳು. ಇನ್ನೊಮ್ಮೆ ‘ಕಾ’ ಎಂದಳು. ಅಭಿರಾಮ ನಕ್ಕ. ಯಾರೂ ಜತೆ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಒಂದಿಬ್ಬರು ಸೇರಿದರು. ರಾಗ ಎತ್ತಿಕೊಡಲು ಟೀಚರ ಗಂಟಲು ತುರಿಸುತ್ತಿತ್ತು. ಬರೇ ಒಂದು ಸ್ವರ ಕೊಟ್ಟರೆ ಸಾಕು, ಹುಡುಗಿ ಕಡೆತನಕ ಓಡುತ್ತಾಳೆ. ಅವರು ತುಟಿ ಬಿಗಿಹಿಡಿದು ಕೂತರು. ‘ಡಿನ’ ಬಂತು. ‘ನಡುವೆ’ ಬರುವಾಗ ಜಿಸ್ಮಿಯ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಕೆರೆ ಬಂತು. ಕೆರೆಯ ದಡಕ್ಕೆ ಒಂದು ಕೊಕ್ಕರೆ ಬರುತ್ತಿರುವಾಗ ನಿಮಿಷ ಮುಗಿಯಿತು.

‘ಧನ್ಯವಾದಗಳು. ನಿಮ್ಮ ಓದು ದಾಖಲಾಗಿದೆ,’ ಎಂದಿತು ಪರದೆ. ಪ್ಯಾರಾ ಮಾಯವಾಯಿತು.

ಜಿಸ್ಮಿ ಖಾಲಿ ಪರದೆಯಿಂದ ತಲೆಯೆತ್ತಿದಳು. ಹಾಡಿ ಹಾಡಿ ಬಾಯಿಪಾಠವಾಗಿದ್ದ ಪ್ಯಾರಾ ಅದು. ಟೀಚರ ಮುಖ ನೋಡಿಕೊಂಡು, ಕೊಕ್ಕರೆಯ ‘ಕೊ’ವನ್ನು ಬಿಟ್ಟಲ್ಲಿಂದ ಹಿಡಿದಳು.

ಈಗ ನಾನು ಸೋಮವಾರವನ್ನು ಬರೆಯಬೇಕು. ಚುಕ್ಕಿ ಯಾವ ಬಣ್ಣದ್ದು, ಪಾಪ್ಪಚ್ಚನ್ ಬೋರ್ಡು ನೋಡಿ ಏನೆಂದರು, ಮಂಗಳವಾರ ಅವಳು ಶಾಲೆಗೆ ಬಂದಳೋ ಇಲ್ಲವೋ. ನೀವು ಕೇಳುತ್ತೀರಿ, ಕೇಳುವುದು ನ್ಯಾಯ. ನನಗೂ ನಿಮ್ಮಷ್ಟೇ ಪುಕಪುಕ. ‘ಸೋಮವಾರ ಬೆಳಿಗ್ಗೆ’ ಎಂದು ಬರೆದೆ ಕೂಡ. ಕಮಲಾವತಿ ಟೀಚರ್ ಹುಡುಗಿಯ ಮುಖದಿಂದ ಕಣ್ಣು ತೆಗೆಯದೆ ನನ್ನ ಕಡೆಗೆ ಕೈಯಷ್ಟೇ ಎತ್ತಿದರು.

“ಸ್ವಲ್ಪ ತಾಳಿ. ಅವಳದ್ದಿನ್ನೂ ಮುಗಿಲಿಲ್ಲ.”

ಮೂರನೇ ವಾಕ್ಯ ಶುರುವಾಗಿದೆ. ಕೆರೆಯಲ್ಲಿ ಮೀನುಗಳಿವೆ. ‘ಮೀ’ ಬಂದಿದೆ, ‘ನು’ ಬರಬೇಕು