ತೊಟ್ಟಿಯವರ ಓಟು

ಬಟ್ಟೆ ಒಗೆಯುವವರ ಸಂಘದ ಅಧ್ಯಕ್ಷೆಯನ್ನು ಎಲ್ಲರೂ ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ನಲವತ್ತು ಮನೆಗಳ ಸಂಘ. ಊರಿನ ತಗ್ಗಿನಲ್ಲಿ ಹನ್ನೆರಡು ಕಲ್ಲಿನ ತೊಟ್ಟಿ, ಒಣಹಾಕಲು ಹಗ್ಗದ ಸಾಲು, ಪಕ್ಕದಲ್ಲಿ ಇಸ್ತ್ರಿಯ ಕೋಣೆ. ಆಸ್ಪತ್ರೆಯ ಹಾಸುಬಟ್ಟೆಯಿಂದ ಹಿಡಿದು ಹೋಟೆಲಿನ ಪರದೆಯವರೆಗೆ ಎಲ್ಲ ಅಲ್ಲೇ ಬೆಳ್ಳಗಾಗಬೇಕು. ತೊಟ್ಟಿ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದ ಹೊತ್ತಿಗೇ ಪುರಸಭೆಯ ಚುನಾವಣೆಯೂ ಬಂತು.

ಸಂಘದ ಓಟು ಅಜ್ಜಂದಿರ ಕಾಲದಿಂದ ಹಳೇ ಪಕ್ಷಕ್ಕೆ. ಈ ಸಲ ಆ ಪಕ್ಷದಿಂದ ನಿಂತವರು ನಿವೃತ್ತ ಮೇಷ್ಟ್ರು, ದೊಡ್ಡಕ್ಕನ ಮಗಳ ಮಾವ. ಬೀಗರೇ ನಿಂತ ಮೇಲೆ ಕೇಳುವುದೇನಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಎದುರಿಗೆ ನಿಂತಿದ್ದ ಔಷಧಿ ಅಂಗಡಿಯಾಕೆ ಒಂದು ಮಧ್ಯಾಹ್ನ ಬಂದು, ಚಪ್ಪಲಿ ಬಿಟ್ಟು, ಮೊಣಕಾಲುದ್ದ ನೀರಿಗೇ ಇಳಿದಳು. ತೊಟ್ಟಿ ಉಳಿಸುತ್ತೇನೆ ಎಂದು ಸಂಘದ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋದಳು.

ಓಟಿಗೆ ನಾಲ್ಕು ದಿನ ಇರುವಾಗ ಇಸ್ತ್ರಿ ಕೋಣೆಯಲ್ಲಿ ಸಭೆ ಸೇರಿತು. ಮನೆಗೊಂದು ಕೈ. ಒಂದು ಮನೆಯವರು ಊರಲ್ಲಿರಲಿಲ್ಲ. ಮೇಷ್ಟ್ರಿಗೆ ಹತ್ತೊಂಬತ್ತು ಕೈ ಎದ್ದವು, ಔಷಧಿ ಅಂಗಡಿಯಾಕೆಗೂ ಹತ್ತೊಂಬತ್ತು. ಉಳಿದದ್ದು ದೊಡ್ಡಕ್ಕನ ಕೈ ಒಂದೇ.

"ಅತ್ತ ದರಿ, ಇತ್ತ ಪುಲಿ," ಎಂದು ಅವಳ ಗಂಡ ಗೊಣಗಿದ.

ದೊಡ್ಡಕ್ಕ ಎದ್ದು ನಿಂತಳು. "ಬೀಗರ ಮನೆಗೆ ಮಗಳನ್ನ ಕೊಟ್ಟಿದ್ದೀನಿ. ತೊಟ್ಟೀನ ಕೊಟ್ಟಿಲ್ಲ," ಎಂದವಳೇ ಔಷಧಿ ಅಂಗಡಿಯಾಕೆಗೆ ಕೈ ಎತ್ತಿದಳು.

ಸಭೆ ಮುಗಿದದ್ದೇ ತಡ, ನೆಟ್ಟಗೆ ಬೀಗರ ಮನೆಗೆ ನಡೆದಳು. ಬಾಗಿಲು ತೆಗೆದ ಮಗಳು ತಾಯಿಯ ಮುಖ ನೋಡಿ ದಾರಿ ಬಿಟ್ಟಳು. ಮೇಷ್ಟ್ರು ಮೇಜಿನ ಮುಂದೆ ಭಾಷಣ ಬರೆಯುತ್ತಿದ್ದರು.

"ಬನ್ನಿ ತಾಯಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ ಬೀಗರೇ. ಸಂಘ ಈ ಸಲ ಆ ಕಡೆಗೆ ಹೋಯ್ತು. ಎರಡೂ ಕಡೆ ಸಮ ಆಗಿತ್ತು, ಕೊನೇ ಕೈ ನನ್ನದು. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು ಅಂತ ಬಂದೆ."

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಮನೆಯವರೇ ಹೀಗೆ ಮಾಡಿದ್ರೆ ನಾನು ಊರಿಗೆ ಹೇಗೆ ಮುಖ ತೋರಿಸಲಿ?"

"ಮೂರು ಸಲ ಬಂದ್ರಿ. ತೊಟ್ಟಿ ಉಳಿಸಿ ಅಂದ್ರೆ ಮೂರು ಸಲಾನೂ ಮೇಲೆ ರಸ್ತೇಲೇ ನಿಂತು 'ನೋಡೋಣ' ಅಂದ್ರಿ. ಒಂದು ಸಲ ಕೆಳಗಿಳಿದು ಬರಲಿಲ್ಲ."

"ನನ್ನ ಓಟು ನಿಮಗೇ ಮಾವ," ಎಂದಳು ಮಗಳು ಬಾಗಿಲಲ್ಲೇ ನಿಂತು. "ಆದ್ರೆ ಅಮ್ಮ ಹೇಳೋದು ಸುಳ್ಳಲ್ಲ."

ಮೇಷ್ಟ್ರು ಭಾಷಣದ ಹಾಳೆ ಮಡಚಿಟ್ಟರು.

ಮರುದಿನ ಬೆಳಿಗ್ಗೆ ಅವರು ಗೋಡೆ ಹಿಡಿದುಕೊಂಡು, ತೊಟ್ಟಿಯ ಕಡೆಗಿನ ಪಾಚಿಗಟ್ಟಿದ ಮೆಟ್ಟಿಲು ಒಂದೊಂದಾಗಿ ಇಳಿದು ಬಂದರು. "ಈಗ ಬಂದ್ರೇನು ಬಂತು ಮೇಷ್ಟ್ರೇ? ಮಾತು ಕೊಟ್ಟಾಯ್ತು," ಎಂದಳು ಬಟ್ಟೆ ಒಗೆಯುತ್ತಿದ್ದ ಒಬ್ಬಳು.

"ಓಟು ಕೇಳೋಕೆ ಬಂದಿಲ್ಲಮ್ಮ. ತೊಟ್ಟಿ ನೋಡೋಕೆ ಬಂದೆ."

ದೊಡ್ಡಕ್ಕ ಆಸ್ಪತ್ರೆಯ ಹಾಸುಬಟ್ಟೆಯ ಒಂದು ತುದಿಯನ್ನು ಅವರ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಹಿಂಡತೊಡಗಿದಳು. ಎರಡು ಸುತ್ತಿಗೇ ಬೀಗರು ಬಟ್ಟೆಯ ಜೊತೆ ತಾವೂ ತಿರುಗಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕುಬಿಟ್ಟರು.

ಮೇಷ್ಟ್ರು ಅರವತ್ತು ಓಟಿನಿಂದ ಸೋತರು. ತೊಟ್ಟಿಯವರೇ ಸೋಲಿಸಿದರು ಎಂದು ಊರೆಲ್ಲ ಆಡಿಕೊಂಡಿತು. ಮಾತು ನಿಜವೇ ಆಗಿದ್ದರಿಂದ ದೊಡ್ಡಕ್ಕನಿಗೆ ತಿಂಗಳೊಪ್ಪತ್ತು ಬೀಗರ ಮನೆ ಕಡೆ ಕಾಲೇ ಏಳಲಿಲ್ಲ.

ಔಷಧಿ ಅಂಗಡಿಯಾಕೆ ಗೆದ್ದರೂ ಪುರಸಭೆಯ ಇಪ್ಪತ್ತೊಂದು ಜನರಲ್ಲಿ ಅವಳ ಪಕ್ಷದವರು ಒಂಬತ್ತೇ. ತೊಟ್ಟಿ ಉಳಿಸುವ ಠರಾವು ಬಿದ್ದೇಹೋಗುತ್ತದೆ ಎಂದು ಎಲ್ಲರೂ ಕೈಚೆಲ್ಲಿದ್ದರು. ಆದರೆ ಹಳೇ ಪಕ್ಷದ ಮೂವರು ಎದ್ದು ಆ ಕಡೆಗೆ ಕೈ ಎತ್ತಿದರು. ಠರಾವು ಪಾಸಾಯಿತು. ಮೂವರೂ ಮೇಷ್ಟ್ರ ಹಳೇ ವಿದ್ಯಾರ್ಥಿಗಳು. ಹಿಂದಿನ ವಾರ ಮೇಷ್ಟ್ರೇ ಅವರನ್ನು ಕರೆದುಕೊಂಡು ಹೋಗಿ ತೊಟ್ಟಿ ತೋರಿಸಿದ್ದರಂತೆ.

ಆ ಭಾನುವಾರ ಮೇಷ್ಟ್ರು ಸೊಸೆಯೊಂದಿಗೆ ದೊಡ್ಡಕ್ಕನ ಮನೆಗೆ ಊಟಕ್ಕೆ ಬಂದರು.

"ಪಕ್ಷದವರು ಏನಂದ್ರು ಬೀಗರೇ?" ದೊಡ್ಡಕ್ಕ ಅಳುಕುತ್ತಲೇ ಕೇಳಿದಳು.

"ಶಿಸ್ತುಕ್ರಮ ತಗೋತಾರಂತೆ. ಮೂವತ್ತು ವರ್ಷ ಬೆತ್ತ ಹಿಡಿದು ಶಿಸ್ತು ಕಲಿಸಿದವನಿಗೆ!"

ದೊಡ್ಡಕ್ಕನ ಗಂಡ ನಗುನಗುತ್ತ ಕುರ್ಚಿ ಎಳೆದುಕೊಟ್ಟ. ಇಬ್ಬರೂ ಆಗಲೇ ಮುಂದಿನ ಚುನಾವಣೆಗೆ ಯಾರನ್ನು ನಿಲ್ಲಿಸಬೇಕು ಎಂದು ವಾದಕ್ಕಿಳಿದರು. ಒಳಗೆ ಮಗಳು ಈರುಳ್ಳಿ ಹೆಚ್ಚುತ್ತ, "ಇವರಿಬ್ಬರದೂ ಮುಗಿಯೋಷ್ಟರಲ್ಲಿ ಅನ್ನ ಆರಿಹೋಗುತ್ತೆ, ಊಟಕ್ಕೆ ಕರೆಯಮ್ಮಾ," ಎಂದಳು. ದೊಡ್ಡಕ್ಕ ಹಗುರವಾಗಿ ಉಸಿರುಬಿಟ್ಟು, ತಟ್ಟೆಗಳನ್ನು ಎತ್ತಿಕೊಂಡು ಹೊರಗೆ ಬಂದಳು.