ಜಾಮಣ್ಣನ ಲೋಟ

ಜಾಮ್ ತಯಾರಿಸುವ ಆ ಪುಟ್ಟ ಕಾರ್ಖಾನೆಯಲ್ಲಿ ಅವನ ನಾಲಿಗೆಯದೇ ಕೊನೆಯ ಮಾತು. ಹಿಪ್ಪುನೇರಳೆ ಕುದಿಯಲಿ, ಸ್ಟ್ರಾಬೆರಿ ಕುದಿಯಲಿ, ಅವನು ಒಂದು ಚಮಚ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, "ಹೂಂ, ಇಳಿಸಿ" ಎಂದ ಮೇಲೆಯೇ ಪಾತ್ರೆ ಒಲೆಯಿಂದ ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಎಲ್ಲರ ಬಾಯಲ್ಲೂ ಅವನು ಜಾಮಣ್ಣ.

ಅವನ ರಕ್ತಪರೀಕ್ಷೆಯ ಚೀಟಿ ಬಂದಂದಿನಿಂದ ಹೆಂಡತಿಯ ಜೀವ ಕೈಯಲ್ಲಿತ್ತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಎಂದಿದ್ದರು ಡಾಕ್ಟರು. ಮಾವನಿಗೂ ಹೀಗೇ ಶುರುವಾಗಿತ್ತು. ಐವತ್ತೊಂದಕ್ಕೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಗಂಡನಿಗೆ ಈಗ ನಲವತ್ತೊಂಬತ್ತು. ಬೆಳಿಗ್ಗೆ ಅವನು ಏಳುವುದು ಸ್ವಲ್ಪ ತಡವಾದರೂ ಅವಳು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು.

ಒಂದು ಸಂಜೆ ಪಕ್ಕದ ಮನೆಯ ನರ್ಸ್ ಬಂದಳು.

"ಏನಣ್ಣ, ಸಿಹಿ ಬಿಟ್ರಾ?"

"ಬಿಟ್ಟೆ ಕಣಮ್ಮ. ಟೀಗೂ ಸಕ್ಕರೆ ಇಲ್ಲ. ನಿಮ್ಮಕ್ಕ ಕೊಡೋದು ಟೀನೋ ಬಿಸಿನೀರೋ ಅಂತ ಬಣ್ಣ ನೋಡೇ ತಿಳ್ಕೋಬೇಕು."

"ಕಾರ್ಖಾನೇಲಿ ಚಪ್ಪರಿಸೋದು ಹೇಳಿ ಅವಳಿಗೆ!" ಎಂದಳು ಹೆಂಡತಿ.

"ಅದು ತಿನ್ನೋದಲ್ಲ ಕಣೇ, ಕೆಲಸ! ಅದೂ ಹಣ್ಣಿಂದು. ಬೆರಿ ಹಣ್ಣು ಸಕ್ಕರೆ ಕಾಯಿಲೆ ತಡೆಯೋಕೂ ಹೃದಯಕ್ಕೂ ಒಳ್ಳೇದು ಅಂತ ಇವಳೇ ಹೇಳಿದ್ಲಲ್ಲ?"

"ಹಣ್ಣು ಅಂದೆ ಅಣ್ಣ, ಜಾಮ್ ಅಂದ್ನಾ?" ನರ್ಸ್ ಹಣೆ ಚಚ್ಚಿಕೊಂಡಳು. ಆದರೆ ವಾದ ಬೆಳೆಸಲಿಲ್ಲ. ಅಡುಗೆಮನೆಯಿಂದ ಒಂದು ಗಾಜಿನ ಲೋಟ ತಂದು ಅವನ ಕೈಗಿಟ್ಟಳು. "ನಾಳೆ ಒಂದು ಚಮಚ ಬಾಯಿಗೆ ಹಾಕಿದಾಗೆಲ್ಲ ಇನ್ನೊಂದು ಚಮಚ ಇದಕ್ಕೆ ಹಾಕಿ. ಸಂಜೆ ತಂದು ತೋರಿಸಿ."

ಮರುದಿನ ಸಂಜೆ ನರ್ಸ್ ಹೆಂಡತಿಯ ಜೊತೆ ಕಾಯುತ್ತಿದ್ದಳು. ಲೋಟ ಹಿಡಿದು ಬಾಗಿಲಲ್ಲಿ ನಿಂತ ಜಾಮಣ್ಣನ ಮುಖ ಸಪ್ಪಗಾಗಿತ್ತು.

"ಮಧ್ಯಾಹ್ನಕ್ಕೇ ಕಂಠದವರೆಗೂ ತುಂಬಿಬಿಡ್ತು. ಆಮೇಲೆ ಬಾಯಿಗೆ ಹಾಕೋಕೆ ಮನಸ್ಸೇ ಬರ್ಲಿಲ್ಲ."

"ಹನಿ ಹನಿ ಗೂಡಿದರೆ ಹಳ್ಳ ಅಣ್ಣ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೇನೇ. ಅದಿರ್ಲಿ, ಹಣ್ಣು ಜರಡಿ ಹಿಡಿದ ಮೇಲೆ ಉಳಿಯೋ ಸಿಪ್ಪೆ ಏನ್ಮಾಡ್ತೀರಿ?"

"ಕಸದ ಡ್ರಮ್ಮಿಗೆ."

"ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಅಲೆದ್ರಂತೆ! ಬೆರಳಿಗೆ ಅಂಟುತ್ತಲ್ಲ, ಆ ಕಪ್ಪುನೇರಳೆ ಬಣ್ಣ, ಅದರಲ್ಲೇ ಪಾಲಿಫಿನಾಲ್ ಅನ್ನೋ ಒಳ್ಳೇ ಅಂಶ ಇರೋದು. ಸಿಪ್ಪೇಲಿ ಇನ್ನೂ ಜಾಸ್ತಿ. ರಕ್ತನಾಳ ಚೆನ್ನಾಗಿರೋಕೆ, ಸಕ್ಕರೆ ರಕ್ತಕ್ಕೆ ಗಬಕ್ಕನೆ ನುಗ್ಗದೇ ಇರೋಕೆ ಅದು ನೆರವಾಗಬಹುದು ಅಂತಾರೆ ತಿಳಿದವರು. ಹಣ್ಣಿನ ನಾರೂ ಕೈಜೋಡಿಸುತ್ತೆ."

"ಹಂಗಾದ್ರೆ ಆ ಸಿಪ್ಪೇನೇ ಸಕ್ಕರೆ ಹಾಕಿ ಕುದಿಸಿದ್ರೆ..."

"ರೀ!" "ಅಣ್ಣಾ!" ಎರಡು ದನಿ ಒಟ್ಟಿಗೇ ಎದ್ದವು.

ಮೂವರೂ ನಕ್ಕರು. ನಗುತ್ತಿದ್ದಂತೆಯೇ ಹೆಂಡತಿಯ ಕಣ್ಣು ತುಂಬಿತು.

"ನಿಮ್ಮ ನಾಲಿಗೆ ಕಾರ್ಖಾನೆಗೆ ಬೇಕು, ಸರಿ. ನೀವು ನಂಗೆ ಬೇಕಲ್ರೀ."

ಜಾಮಣ್ಣ ಲೋಟವನ್ನು ಕೆಳಗಿಟ್ಟ.

"ರುಚಿಗೆ ನಾಲಿಗೆ ತುದಿ ಸಾಕು ಕಣೇ," ಎಂದ. "ಹದ ಬಂತಾ ಅಂತ ತಣ್ಣನೆ ತಟ್ಟೆ ಮೇಲೆ ಒಂದು ಹನಿ ಬಿಟ್ರೆ ಗೊತ್ತಾಗುತ್ತೆ. ಕೆಲಸ ಕಲಿಸಿದವರು ಮೊದಲು ಹೇಳಿದ್ದೇ ಅದು. ಚಮಚಗಟ್ಟಲೆ ತಿಂದಿದ್ದು ನನ್ನ ಚಪಲ. ತಪ್ಪನ್ನ ಕೆಲಸದ ಮೇಲೆ ಹಾಕ್ದೆ, ಅಷ್ಟೆ."

ಅಂದಿನಿಂದ ಕಾರ್ಖಾನೆಯಲ್ಲಿ ಅವನು ನಾಲಿಗೆ ತುದಿಗಷ್ಟೇ ಜಾಮ್ ಮುಟ್ಟಿಸುತ್ತಾನೆ. ಮಧ್ಯಾಹ್ನದ ಬುತ್ತಿಯಲ್ಲಿ ಚೆನ್ನಾಗಿ ತೊಳೆದ ಒಂದು ಹಿಡಿ ಹಣ್ಣು, ಸಿಪ್ಪೆ ಸಮೇತ. ಸಂಜೆ ಗಂಡ ಹೆಂಡತಿ ಅರ್ಧ ಗಂಟೆ ನಡೆಯುತ್ತಾರೆ. ಮೂರು ತಿಂಗಳಿಗೆ ಚೀಟಿಯ ಅಂಕಿ ಸ್ವಲ್ಪ ಇಳಿಯಿತು. "ಇದು ಹಣ್ಣೊಂದರ ಮಹಿಮೆ ಅಲ್ಲ," ಎಂದಳು ನರ್ಸ್, "ನೀವಿಬ್ರೂ ಸೇರಿ ಮಾಡಿದ್ದು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೇರಳೆ, ಹಿಪ್ಪುನೇರಳೆ, ಸ್ಟ್ರಾಬೆರಿ, ನಿಮಗೆ ಯಾವುದು ಸಿಗುತ್ತದೋ ಅದನ್ನೇ ಹಣ್ಣಾಗಿ ತಿನ್ನಿ, ಜಾಮಾಗಿ ಅಲ್ಲ, ಸಿಹಿ ಬೆರೆಸಿದ ರಸವಾಗಿಯೂ ಅಲ್ಲ. ಹಣ್ಣು ಔಷಧಿಯಲ್ಲ, ಮಾತ್ರೆ ಇದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಈ ವಾರವೇ ಹೋಗಿ ಸಕ್ಕರೆ, ರಕ್ತದೊತ್ತಡ ಎರಡನ್ನೂ ಪರೀಕ್ಷೆ ಮಾಡಿಸಿ. ಒಬ್ಬರೇ ಹೋಗಬೇಡಿ. ನಿಮ್ಮ ಮನೆಯವರ ಕೈ ಹಿಡಿದು ಕರೆದುಕೊಂಡು ಹೋಗಿ.